ಎರಡು ಹೆಸರು, ಒಂದು ಫೈಲು

ಜೂನ್ 3, ಸೋಮವಾರ

ಬೆಳಿಗ್ಗೆ ಬ್ಯಾಕಪ್ ಆಯಿತು. ನಂಜನಗೂಡಿನ ನಮ್ಮ ಶಾಖೆ 212 ಫೈಲು, ನರಸೀಪುರ ಶಾಖೆ 148. ಅಷ್ಟೂ ಹೆಂಗಸರು ನಮ್ಮ ಮಹಿಳಾ ಸಹಾಯ ಕೇಂದ್ರದ ಕೌನ್ಸೆಲರ್‌ಗಳ ಮುಂದೆ ಹೇಳಿಕೊಂಡ ಮಾತುಗಳು. ಮೂರು ವರ್ಷದಿಂದ ಇವನ್ನು ಕಾಪಾಡುತ್ತಿದ್ದೇನೆ, ಒಂದನ್ನೂ ಓದಿಲ್ಲ. ಬರೆದುಕೊಂಡ ಕೌನ್ಸೆಲರ್ ಪಾಸ್‌ವರ್ಡಿಗೆ ಮಾತ್ರ ತೆರೆಯುತ್ತವೆ. ನನಗಿರುವುದು ಸರ್ಚ್ ಒಂದೇ. ಪದ ಹಾಕಿದರೆ ಅದು ಎಷ್ಟು ಫೈಲಿನಲ್ಲಿದೆ, ಯಾವ ಶಾಖೆಯಲ್ಲಿ, ಅಷ್ಟು ಬರುತ್ತದೆ.

ಹೊಸ ಹುಡುಗಿಯರಿಗೆ ಹೇಳಿಕೊಡಲು ಮೈಸೂರಿನಿಂದ ಸಿದ್ಧಾರ್ಥ ಬಂದಿದ್ದರು, ಈ ಸಾಫ್ಟ್‌ವೇರ್ ಮಾಡಿಕೊಟ್ಟವರು. “ನೀವು ಹಾಕೋ ಪದಾನೂ ಗುಟ್ಟಾಗೇ ಹೋಗುತ್ತೆ ಮೇಡಂ. ಏನು ಹುಡುಕಿದ್ರಿ ಅಂತ ಸರ್ವರ್‌ಗೂ ಗೊತ್ತಾಗಲ್ಲ.”

ಮಧ್ಯಾಹ್ನ ಕರೆಂಟ್ ಇಲ್ಲ.

ಜೂನ್ 6, ಗುರುವಾರ

ನರಸೀಪುರದಿಂದ ಚನ್ನಬಸಮ್ಮನವರ ಫೋನ್. ಅಲ್ಲಿನ ಹಿರಿಯ ಕೌನ್ಸೆಲರ್. ತಾಂಡ್ಯದ ಪ್ಯಾಕಿಂಗ್ ಫ್ಯಾಕ್ಟರಿಯ ಹುಡುಗಿ ಬಂದಿದ್ದಳಂತೆ. ಲೈನ್ ಸೂಪರ್‌ವೈಸರ್ ನಂಜುಂಡೇಶ್... ಗೋಡೌನ್‌ಗೆ ಕರೆಯುವುದು, ಮೈಮುಟ್ಟುವುದು.

“ನಂಗೊಬ್ಳಿಗೇ ಇಂಗಾಗ್ತಿರೋದು ಅಂದ್ಕೊಂಡವ್ಳೆ ಕಣಮ್ಮ. ಕೆಲ್ಸ ಬುಡ್ತೀನಿ ಅಂತಾಳೆ. ಅವನ ಹೆಸರಾಕಿ ನೋಡು.”

ಹಾಕಿದೆ. ಆರು! ನಂಜನಗೂಡು ನಾಲ್ಕು, ನರಸೀಪುರ ಎರಡು. ಒಬ್ಬಳ ವಿಷಯ ಇನ್ನೊಬ್ಬಳಿಗೆ ಗೊತ್ತಿಲ್ಲ. ಒಂದು ಫೈಲನ್ನೂ ತೆರೆಯದೆ ಗೊತ್ತಾಯಿತು.

ಚನ್ನಬಸಮ್ಮನಿಗೆ ಎಷ್ಟೆಂದು ಹೇಳಿದೆ. ಅವರು, “ದೂರು ಕೊಡ್ತೀರಾ ಅಂತ ಅವರವರ ಕೌನ್ಸೆಲರ್‌ಗಳೇ ಕೇಳ್ಲಿ. ಒಪ್ಪಿದೋರು ಒಂದ್ಕಡೆ ಸೇರ್ಲಿ.”

ಜೂನ್ 7, ಶುಕ್ರವಾರ, ಬೆಳಿಗ್ಗೆ 10.40

ಮಾಡಬಾರದಿತ್ತು.

ಚೈತ್ರ ಕೆಲಸ ಮಾಡುವುದೂ ಅದೇ ಫ್ಯಾಕ್ಟರಿ. ನನ್ನ ನಾದಿನಿ, ಒಂದೇ ಮನೆ. ನಾಲ್ಕು ತಿಂಗಳಿಂದ ಸರಿಯಾಗಿ ಊಟವಿಲ್ಲ, ನಗುವಿಲ್ಲ. ರಾತ್ರಿಯೆಲ್ಲ ಅದೇ ಯೋಚನೆ. ಆಫೀಸಿಗೆ ಬಂದವಳೇ ಎರಡು ಹೆಸರನ್ನೂ ಒಟ್ಟಿಗೆ ಹಾಕಿದೆ. ಚೈತ್ರ. ನಂಜುಂಡೇಶ್.

ಒಂದು. ನರಸೀಪುರ ಶಾಖೆ.

ಅತ್ತಿಗೆ ಇಲ್ಲಿದ್ದಾಳೆಂದು ರಜದ ದಿನ ಬಸ್ಸು ಹತ್ತಿ ಅಲ್ಲಿಗೆ ಹೋಗಿದ್ದಾಳೆ... ನನಗೆ ಗೊತ್ತಾಗಬಾರದೆಂದೇ. ಫೈಲು ಮುಚ್ಚಿಯೇ ಇದೆ. ಇನ್ನು ತಿಳಿಯಲು ಏನು ಉಳಿದಿದೆ?

ಜೂನ್ 9, ಭಾನುವಾರ

ಚೈತ್ರ ಬಟ್ಟೆ ಹಿಂಡುತ್ತಿದ್ದಳು. ತಡೆಯಲಾಗಲಿಲ್ಲ. “ಆ ಫ್ಯಾಕ್ಟರಿ ಬೇಡ ಬಿಡು ಚೈತ್ರ, ಬೇರೆ ನೋಡೋಣ” ಅಂದೆ.

ಕೈ ನಿಂತಿತು. “ಯಾಕತ್ತಿಗೆ? ಯಾರೇನಂದ್ರು?”

“ಯಾರೂ ಏನೂ ಅಂದಿಲ್ಲ.”

ಮುಖವನ್ನೇ ನೋಡಿದಳು. ಬಕೆಟ್ ಅಲ್ಲೇ ಬಿಟ್ಟು ಒಳಗೆ ಹೋದಳು.

ಜೂನ್ 17, ಸೋಮವಾರ

ಐದು ಜನ ಒಪ್ಪಿದ್ದಾರೆ. ಒಬ್ಬಳು ಹಿಂದೆ ಸರಿದಳೆಂದು ಚನ್ನಬಸಮ್ಮ ಫೋನ್ ಮಾಡಿದರು. “ಬೀಗ ಹಾಕಿರ್ತೀವಿ ಅಂದ್ರಿ, ನಮ್ಮನೇಲಿ ಗೊತ್ತಾಗೋಯ್ತು ಅಂತ ಅತ್ಬುಟ್ಲು. ಇನ್ನು ಬರಾಕಿಲ್ವಂತೆ. ಎಲ್ಲಿಂದ ಓಯ್ತಮ್ಮ ಮಾತು?”

ಗೊತ್ತಿಲ್ಲ ಅಂದೆ.

ಜೂನ್ 18, ಮಂಗಳವಾರ

ಅರ್ಧ ದಿನ ರಜ ಹಾಕಿ ನರಸೀಪುರಕ್ಕೆ ಹೋದೆ. ಚನ್ನಬಸಮ್ಮನ ಮುಂದೆ ಎಲ್ಲ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಫೈಲ್ ತೆಗೀಲಿಲ್ಲ ಅಂತ ಸಮಾಧಾನ ಮಾಡ್ಕಬೇಡ ಪವಿತ್ರ. ಅವ್ಳು ಯಾರಿಗ್ ಗೊತ್ತಾಗ್ಬಾರ್ದು ಅಂದ್ಕೊಂಡಿದ್ಲೋ ಅವ್ರಿಗೇ ಗೊತ್ತಾಯ್ತು. ಓಗಿ ಅವಳಿಗೆ ಹೇಳು. ನಾನೇಳಿದ್ರೆ ಆಗಲ್ಲ.”

ಅಲ್ಲಿಂದಲೇ ಸಿದ್ಧಾರ್ಥರಿಗೆ ಫೋನ್. ಬರುವ ಹೆಂಗಸರ ಹೆಸರನ್ನು ಸರ್ಚ್‌ನಿಂದ ತೆಗೆಯುತ್ತಾರಂತೆ. ಎರಡು ಪದ ಒಟ್ಟಿಗೆ ಹಾಕುವಂತಿಲ್ಲ, ಒಬ್ಬರೇ ಹುಡುಕುವಂತಿಲ್ಲ. “ನಾವೇ ಮೊದ್ಲು ಯೋಚಿಸ್ಬೇಕಿತ್ತು ಮೇಡಂ” ಅಂದರು. ನನ್ನ ಲಾಗಿನ್‌ಗೆ ಸರ್ಚ್ ಬೇಡವೆಂದು ನಾನೇ ಬರೆದುಕೊಟ್ಟೆ. ಬ್ಯಾಕಪ್ ಮಾತ್ರ ಸಾಕು.

ಜೂನ್ 20, ಗುರುವಾರ

ಹೇಳಿದೆ. ಅವಳ ರೂಮಿನಲ್ಲಿ, ನಿಂತುಕೊಂಡೇ. ಕೂರು ಅನ್ನಲಿಲ್ಲ.

“ಕೇಳ್ಬೋದಿತ್ತಲ್ಲ ಅತ್ತಿಗೆ.”

“ಕೇಳಿದ್ರೆ ಹೇಳ್ತಿದ್ಯಾ?”

“ಇಲ್ಲ. ಹೇಳ್ದೆ ಇರೋದು ನನ್ನಿಷ್ಟ ಅಲ್ವಾ?”

ಆಮೇಲೆ, “ಅಣ್ಣಂಗೆ?” ಅಂದಳು. ಇಲ್ಲ, ನಿನ್ನ ಅಣ್ಣನಿಗೆ ಹೇಳಿಲ್ಲ, ಹೇಳುವುದೂ ಇಲ್ಲ ಅಂದೆ. ಬಾಗಿಲು ಹಾಕಿಕೊಂಡಳು.

ಜೂನ್ 30, ಭಾನುವಾರ

ಹತ್ತು ದಿನದಿಂದ ಚೈತ್ರ ನನ್ನೊಡನೆ ಮಾತಾಡಿಲ್ಲ. ಡಬ್ಬಿ ಕಟ್ಟಿಟ್ಟರೆ ಒಯ್ಯುತ್ತಾಳೆ. ಅಷ್ಟು.

ಐದು ಜನ ಇವತ್ತು ನರಸೀಪುರದಲ್ಲಿ ಸೇರಿದರಂತೆ. ಇಬ್ಬರು ಒಂದೇ ಬೆಂಚಿನಲ್ಲಿ ಎರಡು ವರ್ಷ ಪ್ಯಾಕಿಂಗ್ ಮಾಡಿದವರು. “ನೀನೂನಾ?” ಅಂತ ಒಬ್ಬರನ್ನೊಬ್ಬರು ಕೇಳಿಕೊಂಡು ಅತ್ತರಂತೆ, ಆಮೇಲೆ ನಕ್ಕರಂತೆ. ಜಿಲ್ಲಾ ದೂರು ಸಮಿತಿಗೆ ಅರ್ಜಿ ತಯಾರು. ಬುಧವಾರ ಕೊಡುತ್ತಾರೆ.

ಜುಲೈ 3, ಬುಧವಾರ, ಬೆಳಿಗ್ಗೆ 6.50

ಚೈತ್ರ ಡ್ಯೂಟಿಗೆ ಹೊರಟಿಲ್ಲ. ಒಳ್ಳೆ ಸೀರೆ ಉಟ್ಟಿದ್ದಾಳೆ. ಅಡುಗೆಮನೆಗೆ ಬಂದು, “ಎಷ್ಟ್ ಜನ ಸೈನ್ ಮಾಡವ್ರೆ?” ಅಂದಳು.

ಐದು ಅಂದೆ.

“ಚನ್ನಬಸಮ್ಮೋರ್ಗೆ ಫೋನ್ ಮಾಡಿದ್ದೆ. ಬಸ್‌ಸ್ಟ್ಯಾಂಡಲ್ಲಿ ಕಾಯ್ತಾರಂತೆ. ನಂದು ನಾನೇ ಬರ್ಕೊಂಡೋಗ್ತೀನಿ.”

ನಾನೂ ಬರಲಾ ಅಂದೆ.

“ಬೇಡ. ಅವ್ರೆಲ್ಲ ಇರ್ತಾರೆ.”

ಗಟ್ಟಿಯಾಗಿಯೇ ಹೇಳಿದಳು. ಸರಿ ಅಂದೆ. ಹಾಲ್‌ನಲ್ಲಿ ಕೂತಿದ್ದಾಳೆ, ಮಡಿಲಲ್ಲಿ ಬಿಳಿ ಹಾಳೆ. ನಾನು ಇಲ್ಲಿ ಇದನ್ನು ಬರೆಯುತ್ತಿದ್ದೇನೆ, ಅತ್ತ ನೋಡದೆ. ಎಷ್ಟು ಹೊತ್ತಾದರೂ ಬರೆಯಲಿ, ಏನು ಬರೆದಳೆಂದು ನಾನು ಕೇಳು...

ಪೆನ್ನು ಕೇಳುತ್ತಿದ್ದಾಳೆ. ಮನೆಯಲ್ಲಿರುವುದು ಇದೊಂದೇ. ಇದನ್ನೇ ಕೊಟ್ಟು...