ಬಿಳಿ ಹೂವಿಲ್ಲದ ಊರು

ಶಹಾಬಾದ, 9 ಜುಲೈ 1978. ಮಧ್ಯಾಹ್ನ

ತಂಗಿ ಮಾಳಮ್ಮ, ಹೇಗಿದ್ದೀ? ಮೊಣಕಾಲು ನೋವು ಇಳಿಯಿತೇ? ಮಗ ಶಿವರಾಯ, ಸೊಸೆ ಅನಸುಬಾಯಿ ಆರಾಮವೇ? ಎಮ್ಮೆ ಈದಿತೇ?

ಇದು ನಿನಗೆ ಮುಟ್ಟುವ ಕಾಗದವಲ್ಲ. ಕಾರ್ಡು ಬೇರೆ ಹಾಕಿದ್ದೇನೆ. ಅದನ್ನು ಶಿವರಾಯ ಓದಿ ಹೇಳುತ್ತಾನೆ, ನೆರೆಯವರೂ ಕೂತು ಕೇಳುತ್ತಾರೆ. ಅವರ ಮುಂದೆ ಹೇಳಲಾಗದ್ದು ಈ ವಹಿಗೆ. ನಿನ್ನ ಹೆಸರು ಹಾಕಿ ಬರೆದರೆ ಕೈ ಓಡುತ್ತದೆ, ಅಷ್ಟೇ.

ಇವತ್ತೂ ಬಾಗಿಲು ಹಾಕಿಕೊಂಡೇ ಕೂತಿದ್ದೇನೆ. ಕಿಟಕಿಗೆ ಒದ್ದೆ ಗೋಣಿತಟ್ಟು. ಮಳೆ ಬಿದ್ದದ್ದೇ ತಡ, ಫರಸಿ ಕಲ್ಲಿನ ರಾಶಿಗಳ ಸುತ್ತ ಕಾಂಗ್ರೆಸ್ ಕಸ ಮತ್ತೆ ಎದ್ದಿದೆ. ಮೈತುಂಬ ಸಣ್ಣ ಬಿಳಿ ಹೂವು, ಜೋಳದ ಕಾಳಿನಷ್ಟು. ಗಾಳಿ ಈ ಕಡೆ ತಿರುಗಿದರೆ ನನ್ನ ರೆಪ್ಪೆ ಊದುತ್ತದೆ. ಕತ್ತು, ಮೊಣಕೈ ಮಡಚುವ ಜಾಗ — ಸುಣ್ಣ ಸುರಿದ ಹಾಗೆ ಉರಿ. ಗುಲಬರ್ಗಾದ ಡಾಕ್ಟರು ಮುಲಾಮು ಬರೆದರು. ಆಮೇಲೆ, ಈ ಕಸ ಇಲ್ಲದ ಊರಿಗೆ ಹೋಗಿ ಇರಬೇಕು, ಆಗದಿದ್ದರೆ ಮನೆಯೊಳಗೇ ಇರಬೇಕು ಎಂದರು. ಹುಟ್ಟಿದಂದಿನಿಂದ ಬಿಸಿಲಲ್ಲಿ ಕಲ್ಲು ಒಡೆದವನಿಗೆ ಹೇಳುವ ಮಾತೇ ಇದು?

ಓಣಿಯಲ್ಲಿ ಬೇರೆ ಸುದ್ದಿ. ಚಂದ್ರಾಮಪ್ಪನಿಗೆ, ಅಂದರೆ ನನಗೆ, ದೊಡ್ಡ ರೋಗ ಹತ್ತಿದೆಯಂತೆ, ಕುಷ್ಠವಂತೆ. ಹಜಾಮ ಬರುವುದು ಬಿಟ್ಟ. ಪಕ್ಕದ ಮನೆಯ ಗುಲಾಮ್ ರಸೂಲ್ ಮಾತ್ರ ಮೊದಲಿನಂತೆ ಬಂದು ಹಾಸಿಗೆಯ ಮೇಲೆಯೇ ಕೂರುತ್ತಾನೆ. ನನ್ನ ಗಡ್ಡ ನೋಡಿ, "ಇನ್ನೊಂದ್ ತಿಂಗಳ ಬಿಡು ಚಂದ್ರಾಮಣ್ಣ, ದರ್ಗಾದಾಗ ಕುಂದ್ರಸಿ ನಿನ್ನ ಕೈಲೆ ತಾಯತಾ ಕಟ್ಟಸ್ತೀನಿ" ಅಂದ. ಮರೆಮ್ಮ ನಕ್ಕಳು. ಹೆಂಡತಿ ನಕ್ಕದ್ದು ನೋಡಿ ಎಷ್ಟೋ ದಿನವಾಗಿತ್ತು.

ಕಾರ್ಡಿನಲ್ಲಿ ಒಂದೇ ಕೇಳಿದ್ದೇನೆ. ನಿಮ್ಮೂರು ಚಂದ್ರಂಪಳ್ಳಿಯ ಅಣೆಕಟ್ಟೆಯ ಮೇಲೆ, ಹೊಲದ ಬದುವಿನಲ್ಲಿ, ಸಣ್ಣ ಬಿಳಿ ಹೂವಿನ ಗಿಡ ಇದೆಯೇ ನೋಡಿ. ಇಲ್ಲವೆಂದರೆ ನಾನು ಬರುತ್ತೇನೆ.

16 ಜುಲೈ

ರಸೂಲ್ ಹತ್ತು ಜನರನ್ನು ಕೂಡಿಸಿ ಕಸ ಕೀಳಿಸಿದ. ಪುಣ್ಯಾತ್ಮರು. ಆದರೆ ಹೂ ಬಲಿತ ಮೇಲೆ ಕಿತ್ತರು. ಹೊರೆ ಹೊತ್ತು ಓಣಿಯುದ್ದಕ್ಕೂ ಬೀಜ ಉದುರಿಸುತ್ತ ಹೋಗಿ ಹಳ್ಳಕ್ಕೆ ಒಗೆದರು. ಕಿತ್ತ ಜಾಗಕ್ಕೆ ಉಪ್ಪುನೀರು ಹೊಡೆದರು. ಮರೆಮ್ಮನ ಕರಿಬೇವು ಸತ್ತಿತು... ಕಸ ಕಿತ್ತ ರಸೂಲನ ಮಗ ಮೆಹತಾಬನ ಅಂಗೈ ಕೂಡ ಕೆಂಪಾಗಿದೆ. ಇಲ್ಲಿಗೆ ಬಂದು ತೋರಿಸಿದ. ನನ್ನ ಕೈ ಪಕ್ಕ ಇಟ್ಟು ನೋಡಿಕೊಂಡು ಹೋದ.

6 ಆಗಸ್ಟ್

ಕಾರ್ಡು ಬಂತು! ಶಿವರಾಯನ ಅಕ್ಷರ. "ಕಟ್ಟಿ ಪೂರಾ ಅಡ್ಡಾಡಿ ನೋಡೀನಿ ಮಾಮಾ. ಬಿಳಿ ಹೂವು ಎಲ್ಲೂ ಇಲ್ಲ. ಅವ್ವ ಪಡಸಾಲಿ ಸಾರಿಸಿ ಇಟ್ಟಾಳ. ಮಾನೌಮಿ ಹಬ್ಬ ಆದ ಮ್ಯಾಲ ಬಂದು ಕರಕೊಂಡು ಹೋಗ್ತೀನಿ."

ಮರೆಮ್ಮನಿಂದ ಎರಡು ಸಲ ಓದಿಸಿಕೊಂಡೆ. ಕಣ್ಣು ಅರ್ಧವೇ ತೆರೆಯುತ್ತದೆ.

2 ಸೆಪ್ಟೆಂಬರ್

ಹಳ್ಳದ ದಂಡೆ ಪೂರಾ ಬೆಳ್ಳಗಾಗಿದೆಯಂತೆ. ಒಗೆದಲ್ಲೇ ಹುಟ್ಟಿದೆ. ಮರೆಮ್ಮ ಕೋಳಿಗಳನ್ನು ರಸೂಲನ ಹೆಂಡತಿ ಜೈತುನ್ಬೀಗೆ ಕೊಟ್ಟುಬಿಟ್ಟಳು. ಈ ಮನೆಗೆ ಇನ್ನು ತಿರುಗಿ ಬರುವುದಿಲ್ಲ ಎಂದು ಓಣಿಗೆಲ್ಲ ಹೇಳಿದ್ದಾಳೆ.

ನಾನು ಗೋಡೆ ನೋಡುತ್ತೇನೆ. ಗೋಡೆಯಲ್ಲಿ ನಿಮ್ಮ ಕಟ್ಟೆ ಕಾಣುತ್ತದೆ, ನೀರು ಕಾಣುತ್ತದೆ. ನಾನು ಬರೀ ಮೈಯಲ್ಲಿ ಬಯಲ ಗಾಳಿಗೆ ಕೂತಿರುತ್ತೇನೆ.

15 ಅಕ್ಟೋಬರ್. ಸಂಜೆ

ಶಿವರಾಯ ಬಂದ. ತಲೆಯ ಮೇಲೆ ಸೀತಾಫಲದ ಬುಟ್ಟಿ. ನೀನು ಕಳಿಸಿದ್ದು. ಹಣ್ಣು ಮಾಗಲೆಂದು ನಡುನಡುವೆ ಒತ್ತಾಗಿ ಹುಲ್ಲು ತುಂಬಿದ್ದಿ. ಮರೆಮ್ಮ ಒಳಗೆ ತಂದಿಟ್ಟು ಮೇಲಿನ ಅರಿವೆ ಬಿಚ್ಚಿದಳು. ಅಷ್ಟರಲ್ಲೇ ನನಗೆ ವಾಸನೆ ಬಂತು.

ನೋಡಿದೆ. ಹುಲ್ಲಲ್ಲ. ಒಣಗಿದ ಬಿಳಿ ಹೂವು.

ಇದು ಎಲ್ಲಿಯದು ಎಂದು ಕೇಳಿದೆ.

"ಕಾಲುವಿ ದಂಡಿದು ಮಾಮಾ. ರಸ್ತಾಕ್ಕ ಹೊರಗಿಂದ ಮಣ್ಣ ತಂದು ಹಾಕಿದ್ರಲ್ಲ, ಅಲ್ಲೆ ಬಂದದ. ದನಾ ಮೂಸಿ ಬಿಡ್ತಾವ. ಹಣ್ಣಿಗಿ ಭಾಳ ಚೊಲೊ ಅಂತ ಅವ್ವ ದಿನಾ ತರ್ತಾಳ."

ಬಿಳಿ ಹೂವಿಲ್ಲ ಎಂದು ಬರೆದಿದ್ದೆಯಲ್ಲ ಅಂದೆ.

"ಆವಾಗ ಬರೀ ಎಲಿ ಇದ್ವು, ನೆಲಕ್ಕ ಹತ್ತಿಕೊಂಡು. ನೀ ಹೂವಂತ ಕೇಳಿದ್ದಿ. ನಾ ಹೂವೇ ಹುಡಿಕೀನಿ."

ಅವನ ಮಾತು ಸರಿ. ನಾನು ಕೇಳಬೇಕಾಗಿದ್ದದ್ದು ಎಲೆಯ ಬಗ್ಗೆ.

ರಸೂಲ್ ಬಂದು ಬುಟ್ಟಿಯನ್ನು ದೂರ ಒಯ್ದ. ನನ್ನ ಕಣ್ಣು ಆಗಲೇ ಮುಚ್ಚಿಕೊಳ್ಳುತ್ತಿತ್ತು. ಶಿವರಾಯ ಹಾಸಿಗೆಯ ತುದಿಗೆ ಕೂತ. "ಅಲ್ಲೂ ಒಳಗೇ ಇರೀಯಂತ, ನಡಿ ಮಾಮಾ. ಅವ್ವನ ಮಾರಿಯರ ನೋಡ್ತಿ."

ಅಲ್ಲಿ ನಾಲ್ಕು ಗೋಡೆ, ಇಲ್ಲಿ ನಾಲ್ಕು ಗೋಡೆ. ಮರೆಮ್ಮ ಕಟ್ಟಿಟ್ಟ ಗಂಟನ್ನು ಬಿಚ್ಚಲಿಲ್ಲ, ಎತ್ತಲೂ ಇಲ್ಲ. ಅದರ ಮೇಲೆಯೇ ಕೂತುಬಿಟ್ಟಳು.

16 ಅಕ್ಟೋಬರ್. ಬೆಳಗ್ಗೆ

ಮಾಳಮ್ಮ, ಈ ಹಾಳೆ ಹರಿದು ಶಿವರಾಯನ ಕೈಯಲ್ಲಿ ಕೊಡುತ್ತೇನೆ. ನಾನು ಈಗ ಬರುವುದಿಲ್ಲ. ಅವನು ಒಬ್ಬನೇ ಬಸ್ಸು ಹತ್ತುತ್ತಾನೆ. ಕಣ್ಣು ಕಾಣದು, ಸಾಲು ಸೊಟ್ಟ ಹೋದರೆ ಹೊಂದಿಸಿ ಓದಲು ಹೇಳು. ಜನರನ್ನು ಕೂಡಿಸಿಯೇ ಓದಿಸು. ನನ್ನ ಮೈ ಏನಾಗಿದೆ ಎಂದು ಶಿವರಾಯ ನೋಡಿದ್ದಾನೆ. ಮುಚ್ಚದೆ ಹೇಳಲಿ.

ಆ ಹುಲ್ಲು ಮುಟ್ಟಬೇಡ. ಹಣ್ಣಿಗೆ ಜೋಳದ ಸೊಪ್ಪೆ ಹಾಕು. ಮನೆಯಲ್ಲಿರುವುದನ್ನು ಶಿವರಾಯ ತಗ್ಗು ತೋಡಿ ಹೂಳಲಿ. ಮುಂದಿನ ಮಳೆಗೆ ಎಲೆ ನೆಲದಲ್ಲಿರುವಾಗಲೇ, ಕೈಗೆ ಅರಿವೆ ಸುತ್ತಿಕೊಂಡು, ಬೇರು ಸಮೇತ ಕೀಳಿರಿ. ಹೂ ಬಿಡುವ ತನಕ ಕಾಯಬೇಡಿ. ನಿಮ್ಮಲ್ಲಿ ಇನ್ನೂ ಕಾಲುವೆ ದಂಡೆಯಲ್ಲಷ್ಟೇ ಇದೆ ಅನ್ನುತ್ತಾನೆ ಇವನು.

ಒಂದು ಮಾತು ಕೇಳಲು ಅಂಜಿಕೆಯಾಗುತ್ತದೆ. ದಿನಾ ಹೊರೆ ಹೊತ್ತಿದ್ದಿ. ಕತ್ತು ತುರಿಸುತ್ತದೆಯೇ? ಬೆವರಿದಾಗ ಮೊಣಕೈ ಒಳಗೆ ಉರಿಯುತ್ತದೆಯೇ? ಶಿವರಾಯನನ್ನು ಕೇಳಿದೆ. ಅವ್ವ ಈಚೆಗೆ ಸೆರಗು ಕತ್ತಿಗೆ ಸುತ್ತಿಕೊಂಡೇ ಇರುತ್ತಾಳೆ ಎಂದ. ಯಾಕೆ ಅಂದರೆ ಗೊತ್ತಿಲ್ಲ ಅಂದ.

ತಂಗಿ, ಅಣ್ಣನಿಗೆ ಚಿಂತೆಯಾದೀತೆಂದು ಬಚ್ಚಿಡಬೇಡ. ಸೆರಗು ತೆಗೆದು ಅನಸುಬಾಯಿಗೆ ತೋರಿಸು. ಅವಳು ನೋಡಿದ್ದನ್ನು ನೋಡಿದ ಹಾಗೆ ಬರೆಸು. ಬೇಗ ಬರೆಸು, ಈ ವಾರದ ಟಪಾಲಿಗೇ... ಏನೂ ಇಲ್ಲ ಎಂದಾದರೂ —