ಎತ್ತಿಟ್ಟ ಕಾಲು

೧೬ ಜನವರಿ ೨೦೦೧, ಮಂಗಳವಾರ

ಮೂಡಬಿದ್ರೆ ಬಸ್ ಸ್ಟ್ಯಾಂಡಿನಿಂದ ಪ್ರೆಸ್ಸಿಗೆ ನಡೆಯುವಾಗ ಇವತ್ತೂ ಎರಡು ಕಡೆ ನಿಂತೆ. ಮೀನಖಂಡ ಹಿಡಿದುಕೊಳ್ಳುತ್ತದೆ. ನಿಂತರೆ ಬಿಡುತ್ತದೆ. ಗೋಡೆಯ ಪೋಸ್ಟರ್ ಓದುವವನ ಹಾಗೆ ನಿಲ್ಲುತ್ತೇನೆ. ಊರಿನ ಎಲ್ಲ ನಾಟಕಗಳ ಹೆಸರು ಬಾಯಿಪಾಠ.

ಎಡ ಹೆಬ್ಬೆರಳಿನ ಗಾಯ ಹಾಗೆಯೇ ಇದೆ. ದೀಪಾವಳಿ ಸುಮಾರಿಗೆ ಚಪ್ಪಲಿ ಕಚ್ಚಿದ್ದು.

ಸಂಜೆ ಕಾಂತಿ ಶಾಲೆಯಿಂದ ಬಂದವಳೇ ಕ್ರೇಪ್ ಬ್ಯಾಂಡೇಜ್ ಹುಡುಕಿ ತೆಗೆದಳು. ಅವಳದ್ದೇ. ಕರಿಹಲಗೆಯ ಎದುರು ನಿಂತೂ ನಿಂತೂ ಅವಳ ಕಣಕಾಲಿನಲ್ಲಿ ಹುಣ್ಣಾಗಿತ್ತು. ಬಿಗಿಯಾಗಿ ಸುತ್ತಿ, ದಿಂಬಿನ ಮೇಲೆ ಕಾಲು ಎತ್ತಿಟ್ಟು ಗುಣವಾದದ್ದು.

“ಅಲ್ಲಾಡಿಸಬೇಡಿ. ನನಗೆ ಆದದ್ದು ನಿಮಗೆ ಆಗದಾ?”

ಪಾದದ ಮೇಲೆ ಅವಳ ಬೆರಳು. ಇದಕ್ಕೆ ಮೊದಲು ಯಾವಾಗ... ನೆನಪಾಗಲಿಲ್ಲ. ಹಾಸಿಗೆ ಬೇರೆಯಾಗಿ ವರ್ಷಗಳಾದವು. ಜಗಳವಿಲ್ಲ. ಹಾಗೆ ಆಯಿತು, ಅಷ್ಟೆ.

೧೯ ಜನವರಿ

ದಿಂಬಿನ ಮೇಲಿಟ್ಟರೆ ನೋವು ಜಾಸ್ತಿ. ಅವಳು ಅಡಿಗೆಮನೆಗೆ ಹೋದಾಗ ಮಂಚದಿಂದ ಕೆಳಗೆ ಇಳಿಬಿಡುತ್ತೇನೆ. ಆರಾಮ. ನಲ್ಲಿಯ ಸದ್ದು ನಿಂತ ಕೂಡಲೇ ಮತ್ತೆ ಮೇಲೆ.

ಕಟ್ಟುವಾಗ ಅವಳು ಮಾತಾಡುತ್ತಾಳೆ. ಹೆಡ್‌ಮಾಸ್ಟರ ಗೊರಕೆ, ಮಕ್ಕಳ ಹೇನು. ಕೈಗೆ ಕೆಲಸವಿದ್ದರೆ ಬಾಯಿ ಬಿಚ್ಚುತ್ತದೆ. ಇಷ್ಟೆಲ್ಲ ಯಾರಿಗೆ ಹೇಳುತ್ತಿದ್ದಳೋ ಇಲ್ಲಿಯವರೆಗೆ.

೨೪ ಜನವರಿ

ಕಾಂತಿ ಬಂಟ್ವಾಳದ ಅಕ್ಕನ ಮನೆಗೆ, ಸೀಮಂತಕ್ಕೆ. ನರ್ಸಿಂಗ್ ಹೋಮಿಗೆ ಒಬ್ಬನೇ ಹೋದೆ. ಸಿಸ್ಟರ್ ಜುಲೈಕಾ ಬ್ಯಾಂಡೇಜ್ ಬಿಚ್ಚಿದರು. ಕಾಂತಿಯ ಹುಣ್ಣಿಗೆ ಕಟ್ಟುತ್ತಿದ್ದವರೂ ಅವರೇ.

“ಇದು ಯಾರು ಕಟ್ಟಿದ್ದು?”

“ಕಾಂತಿ. ಅವಳಿಗೆ ಇದರಲ್ಲೇ ಗುಣವಾದದ್ದಲ್ಲ?”

“ಟೀಚರ ಕನ್ನಡಕ ಹಾಕಿ ಪೇಪರ್ ಓದ್ತೀರಾ ನೀವು?”

ಪಾದದ ಮೇಲೆ ಎರಡು ಬೆರಳಿಟ್ಟು ಸುಮ್ಮನೆ ಕೂತರು. ಬಲಗಾಲು ನೋಡಿದರು. ಮತ್ತೆ ಎಡಗಾಲು. “ಇಲ್ಲಿ ಬಡಿತ ಸಿಗ್ಬೇಕು. ಸಿಗ್ತಾ ಇಲ್ಲ.” ಕಾಲು ಎತ್ತಿ ಹಿಡಿದರು — ಕಾಗದದ ಹಾಗೆ ಬಿಳಿಯಾಯಿತು. ಇಳಿಬಿಟ್ಟರು — ನಿಧಾನಕ್ಕೆ ಕೆಂಪು. ತಣ್ಣಗಿದೆ. ರೋಮ ಉದುರಿ ಚರ್ಮ ಮಿರುಗುತ್ತಿದೆ. ನಾನು ಗಮನಿಸಿಯೇ ಇರಲಿಲ್ಲ.

“ಟೀಚರಿಗೆ ಕಾಲಿನ ರಕ್ತ ವಾಪಸ್ ಮೇಲೆ ಹತ್ತುದಿಲ್ಲ. ಅದಕ್ಕೆ ಬಿಗಿ ಬೇಕು, ಎತ್ತಿಡ್ಬೇಕು. ನಿಮಗೆ ಕೆಳಗೆ ಬರುವುದೇ ಕಷ್ಟ. ಬಿಗಿದು ಎತ್ತಿಟ್ರೆ ಬರುವಷ್ಟೂ ನಿಲ್ತದೆ. ಕಟ್ಟಲೇಬೇಡಿ. ಸಿಗರೇಟು ಬಿಡಿ. ಡಾಕ್ಟ್ರು ಮಂಗಳೂರಿಗೆ ಚೀಟಿ ಕೊಡ್ತಾರೆ, ಹೋಗಿ. ಸುಮ್ಮನೆ ಕೂತ್ರೆ ಕಾಲು ಹೋಗ್ತದೆ ಅಣ್ಣ.”

ಅರ್ಥವಾಯಿತು. ಪೂರ್ತಿ.

ಅದೇ ದಿನ, ಸಂಜೆ

“ಏನು ಹೇಳಿದ್ರು?”

“ಒಣಗ್ಲಿಕ್ಕೆ ಸಮಯ ಹಿಡೀತದಂತೆ.”

ಕಾಂತಿ ಮಣೆ ಎಳೆದು ಕೂತಳು. ಕಾಲನ್ನು ಮಡಿಲಿಗೆ ತೆಗೆದುಕೊಂಡಳು. ಒಗೆದ ಬ್ಯಾಂಡೇಜಿಗೆ ಬಿಸಿಲಿನ ವಾಸನೆ. ಅಕ್ಕ ಉಟ್ಟ ಸೀರೆ, ಬಡಿಸಿದ ಪಾಯಸ, ಯಾರು ಯಾರ ಹತ್ತಿರ ಮಾತು ಬಿಟ್ಟಿದ್ದಾರೆ...

ಕಾಲು ಎಳೆದುಕೊಳ್ಳಬಹುದಿತ್ತು. ಎಳೆದುಕೊಳ್ಳಲಿಲ್ಲ.

೨ ಫೆಬ್ರವರಿ

ಸಿಗರೇಟು ಬಿಟ್ಟಿದ್ದೇನೆ. ಅದನ್ನಾದರೂ. ಮಂಗಳೂರಿಗೆ ಬರುವ ವಾರ.

೧೯ ಫೆಬ್ರವರಿ

ಹೆಬ್ಬೆರಳ ತುದಿ ಕಪ್ಪು. ನೋವು ಕಡಿಮೆ, ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಒಳ್ಳೆಯ ಲಕ್ಷಣ ಎಂದಳು ಕಾಂತಿ. ಇನ್ನೊಂದು ಸುತ್ತು ಬಿಗಿದಳು.

೨೭ ಫೆಬ್ರವರಿ

ಕಪ್ಪು ಪಕ್ಕದ ಬೆರಳಿಗೆ ಹತ್ತಿದೆ. ರಜೆ ಹಾಕಿ ಅವಳೇ ಕರೆದುಕೊಂಡು ಹೋದಳು. ಜುಲೈಕಾ ಬಿಚ್ಚಿ ನೋಡಿದರು. ನನ್ನ ಮುಖ ನೋಡಲಿಲ್ಲ.

“ಟೀಚರ್, ಕಟ್ಟಬೇಡಿ ಅಂತ ಇವರತ್ರ ಹೇಳಿದ್ದೆನಲ್ಲ?”

“ಯಾವಾಗ?”

“ನೀವು ಬಂಟ್ವಾಳಕ್ಕೆ ಹೋದ ದಿನ.”

ಮನೆಗೆ ವಾಪಸ್ ಬರುವಾಗ ಶಿರ್ತಾಡಿ ಬಸ್ಸಿನಲ್ಲಿ ಕಿಟಕಿಯ ಕಡೆ ನೋಡುತ್ತ ಕೇಳಿದಳು. “ಗೊತ್ತಿತ್ತಾ ನಿಮಗೆ?”

“ಗೊತ್ತಿತ್ತು.”

“ಮತ್ತೆ ನನ್ನ ಕೈಯಲ್ಲೇ ಯಾಕೆ ಮಾಡಿಸಿದ್ರಿ?”

ನಮ್ಮ ಸ್ಟಾಪ್ ಬಂತು. ಇಳಿದೆವು.

೬ ಮಾರ್ಚ್

ಮಂಗಳೂರಿಗೆ ಹೋಗಿ ತೋರಿಸಿ ಬಂದೆವು. ಶುಕ್ರವಾರ ಆಪರೇಶನ್. ಬೆರಳುಗಳಲ್ಲೇ ಮುಗಿಯುವುದೋ, ಮೊಣಕಾಲಿನ ಕೆಳಗೆ ತೆಗೆಯಬೇಕೋ — ಅವತ್ತೇ ಹೇಳುತ್ತಾರಂತೆ. ಕಾಂತಿ ಬಟ್ಟೆ, ಫ್ಲಾಸ್ಕ್ ಎಲ್ಲ ಜೋಡಿಸಿದ್ದಾಳೆ. ಬೇಕಾದಷ್ಟೇ ಮಾತು. ಗಾಯದ ಮೇಲೆ ಸಡಿಲವಾಗಿ ಗಾಜ್ ಬಟ್ಟೆ ನಾನೇ ಇಟ್ಟುಕೊಳ್ಳುತ್ತೇನೆ. ಅವಳು ಆಗ ಹೊರಗೆ ಹೋಗುತ್ತಾಳೆ.

೮ ಮಾರ್ಚ್, ಮಧ್ಯಾಹ್ನ

ಊಟವಾದ ಮೇಲೆ ಬಂದು ಎದುರು ಕೂತಳು.

“ನಾಳೆ ಹೋಗ್ಲಿಕ್ಕುಂಟು. ಈಗಲಾದ್ರೂ ಹೇಳಿ, ಯಾಕೆ?”

“ಸಂಜೆ ನೀನು ಇಲ್ಲಿ ಕೂತ್ಕೊಳ್ತಿದ್ದೆ.”

“ಬಾಯಿ ಇರ್ಲಿಲ್ವಾ ನಿಮಗೆ? ಕೂತ್ಕೋ ಅಂತ ಹೇಳಿದ್ರೆ ಕೂತ್ಕೊಳ್ತಿದ್ದೆ.”

ಕಾಲನ್ನು ಮಂಚದಿಂದ ಕೆಳಕ್ಕೆ ಇಳಿಸಿದೆ.

“ಕಣ್ಣು ಮುಚ್ಚಿ” ಎಂದಳು. “ನಾನು ಮುಟ್ಟುವಾಗ ಹೇಳಿ.”

ಮುಚ್ಚಿದೆ. ಕಾದೆ. ಆಚೆ ಮನೆಯಲ್ಲಿ ಯಾರೋ ತೆಂಗಿನಕಾಯಿ ತುರಿಯುವ ಸದ್ದು. ಅದು ನಿಂತಿತು.

“ಮುಟ್ಟು ಈಗ” ಎಂದೆ.

ಕಣ್ಣು ತೆರೆದೆ. ಎರಡೂ ಕೈಯಲ್ಲಿ ನನ್ನ ಪಾದ ಹಿಡಿದುಕೊಂಡು ಅವಳು ಆಗಿನಿಂದಲೇ ಕೂತಿದ್ದಳು.