ರುದ್ರವ್ವನ ಪಾಲಿನ ನೀರು

ಫೆಬ್ರುವರಿ 3, ಸೋಮವಾರ

ನೀರು ಬಂತು. ಇವತ್ತೂ ಕೆಂಪು. ಮೊದಲ ಕೊಡಗಳು ಗಿಡಕ್ಕೆ, ಆಮೇಲಿನವು ಬಟ್ಟೆಗೆ. ತಿಳಿಯಾಗುವ ಹೊತ್ತಿಗೆ ಧಾರೆ ಬೆರಳಿನಷ್ಟು ಸಣ್ಣ. ಟಾಕಿ ಅರ್ಧಕ್ಕೂ ಬಂದಿರಲಿಲ್ಲ, ಅತ್ತೆ ಮೊಣಕಾಲು ಹಿಡಿದುಕೊಂಡು ಎದ್ದರು. ನಮ್ಮ ವಾಲ್ ಬಂದ್ ಮಾಡಿದರು, ಹಿಂದಿನ ಮನೆಯದನ್ನು ತಿರುವಿದರು, ನಡುಗೋಡೆಯ ಕಡೆ ಮುಖ ಮಾಡಿ ಕೂಗಿದರು.

“ರುದ್ರವ್ವಾ, ನೀರ ಬಿಟ್ಟೀನವಾ!”

ಆಚೆಯಿಂದ ಎಂದಿನ ಉತ್ತರ. “ಬಂದ್ವು ಯವ್ವಾ, ಬಂದ್ವು!”

ಇನ್ನೊಂದು ಸ್ವಲ್ಪ ಹೊತ್ತು ನಮಗೇ ಇರಲಿ ಎಂದರೆ ಅತ್ತೆ ಕೇಳುವುದಿಲ್ಲ. “ಆಕಿ ಪಾಲಿಂದು ಆಕಿಗೆ. ಇವರು ಬಂದ್ರು, ನಮ್ಮ ನೀರ ನುಂಗಿದ್ರು ಅಂತ ಓಣ್ಯಾಗ ಯಾರ ಬಾಯಾಗೂ ಬರಬಾರದು.” ನನ್ನ ಗಂಡ ರಾಜರತ್ನ ಅರ್ಧ ಬಕೆಟ್‌ನಲ್ಲಿ ಸ್ನಾನ ಮುಗಿಸಿ ಬಬಲೇಶ್ವರ ಬಸ್ಸಿಗೆ ಓಡಿದರು. ನಾನು ತಲೆಗೆ ಎರೆದುಕೊಳ್ಳದೆ ತಿಕೋಟಾ ಶಾಲೆಗೆ. ವಾರಕ್ಕೊಮ್ಮೆ ನೀರು ಬರುವ ಮನೆಯಲ್ಲಿ, ನೀರು ಬಂದ ದಿನವೂ ಇದೇ ಗೋಳು.

ಈ ಮನೆ ಮಾರಿದ ಪುಣ್ಯಾತ್ಮ, ರುದ್ರವ್ವನ ಮೈದುನ. ನಡುವೆ ಗೋಡೆ ಎಬ್ಬಿಸಿ ಮುಂದಿನ ಅರ್ಧ ನಮಗೆ ಕೊಟ್ಟ. ಲೈನ್ ಬೇರೆ ಮಾಡಲಿಲ್ಲ. ಬೀದಿಯಿಂದ ನಮ್ಮ ಅಂಗಳಕ್ಕೆ, ನಮ್ಮ ಅಂಗಳದಿಂದ ಅವರಿಗೆ.

ಫೆಬ್ರುವರಿ 5, ಬುಧವಾರ

ಅಂಗಳದ ಫರ್ಸಿ ಸಂದಿಯಿಂದ ನೀರು ಉಕ್ಕುತ್ತಿದೆ. ಪ್ಲಂಬರ್ ಇಸ್ಮಾಯಿಲ ಬಂದ. ಒಂದು ಕಲ್ಲು ಎತ್ತಿ ಕಬ್ಬಿಣದ ಪೈಪಿನ ತುಂಡು ಕತ್ತರಿಸಿ ನನ್ನ ಕೈಗೆ ಕೊಟ್ಟ. ಒಳಗೆ ಕಿರುಬೆರಳು ಹೋಗುವುದಿಲ್ಲ.

“ಇದು ಪೈಪ್ ಅಲ್ರಿ ಅಕ್ಕಾರ, ಬರೇ ತುಕ್ಕ ಅದ. ಒಂದ್ ಕಡೆ ಮುಚ್ಚಿದ್ರ ಇನ್ನೊಂದ್ ಕಡೆ ಬಾಯಿ ತಗೀತದ. ಪೂರಾ ಹೊಸಾದು ಹಾಕ್ರಿ.”

ಸುಮಾರು ನಲವತ್ತೈದು ಸಾವಿರ. ಅದರಲ್ಲಿ ಪೈಪಿನ ದುಡ್ಡು ಕಾಲುಭಾಗವೂ ಇಲ್ಲ. ಉಳಿದದ್ದೆಲ್ಲ ಒಡೆಯುವುದಕ್ಕೆ, ಒಡೆದದ್ದನ್ನು ಮುಚ್ಚುವುದಕ್ಕೆ — ಫರ್ಸಿ ಎತ್ತುವ ಕೂಲಿ, ರಸ್ತೆ ಅಗೆಯುವ ಶುಲ್ಕ, ಗೌಂಡಿ, ಸಿಮೆಂಟು, ಮಣ್ಣು ಸಾಗಿಸುವ ಟಂಟಂ. ಹೋದ ವರ್ಷ ತೇಪೆ ಹಾಕಿಸಿದ ದುಡ್ಡಂತೂ ನೀರಿನಲ್ಲೇ ಹೋಯಿತು.

ಹೊರಡುವಾಗ ಇಸ್ಮಾಯಿಲ ತಲೆ ಕೆರೆದುಕೊಂಡ. “ಹಿಂದಿನ ಮನಿ ಕಡೆ ಹೋಗೂದು ಇರ್ಲಿ ಬಿಡ್ರಿ. ಅದೇನ ಅಷ್ಟ ಕೆಟ್ಟಿಲ್ಲ.” ನೋಡದೆಯೇ ಹೇಗೆ ಗೊತ್ತು? ಮೈಗಳ್ಳ. ಹಾಕಿದರೆ ಎರಡೂ ಕಡೆ ಹೊಸದು ಎಂದೆ.

ಫೆಬ್ರುವರಿ 9, ಭಾನುವಾರ

ರುದ್ರವ್ವ ಗೋಡೆಯ ಆಚೆ ಕಲ್ಲಿನ ಮೇಲೆ ನಿಂತು ಕರೆದರು. ಖರ್ಚಿನಲ್ಲಿ ಅರ್ಧ ತಾವು ಕೊಡುತ್ತಾರಂತೆ. ನಾನು ಕೇಳಿಯೇ ಇರಲಿಲ್ಲ.

“ಲೈನ್ ಇಬ್ಬರದೂ ಅಲ್ಲೇನವಾ? ನನ್ನ ಮಗ ಸಂಗು ಸಂಜಿಕ ತಂದು ಕೊಡ್ತಾನ. ಒಂದ ಮಾತು. ನಮ್ಮ ಕಡೆ ಹಳೇ ಜಾಗದಾಗನ, ಟಾಕಿ ಮ್ಯಾಲೆ, ಪೈಪಿನ ಬಾಯಿ ಬಿಡಂತ ಹೇಳು ಇಸ್ಮಾಯಿಲಗ. ನಳಾ ಏನ್ ಬ್ಯಾಡ.”

ಅತ್ತೆಗೆ ಹಿಗ್ಗೋ ಹಿಗ್ಗು. ದಿನಾ ಸಂಜೆ ಇಬ್ಬರೂ ಗೋಡೆಗೆ ಆತುಕೊಂಡು ಮಾತಾಡುವವರು. ರುದ್ರವ್ವ ಅತ್ತೆಯನ್ನು ಅಕ್ಕ ಎನ್ನುತ್ತಾರೆ.

ಸಿದ್ಧೇಶ್ವರ ಗುಡಿ ಹತ್ತಿರ ಮನೆ ಕೊಳ್ಳುತ್ತೇವೆ ಎಂದಾಗ ನಮ್ಮ ಕೇರಿಯವರೆಲ್ಲ ನಕ್ಕಿದ್ದರು. ಅಲ್ಲಿ ನಮ್ಮನ್ನು ಯಾರು ಬಾಳಿಸುತ್ತಾರೆ ಎಂದು. ಬುದ್ಧ, ಬಾಬಾಸಾಹೇಬರ ಫೋಟೊ ಬಾಗಿಲಿಗೆ ಎದುರಾಗಿಯೇ ಹಾಕಿದೆ, ಯಾರು ಬೇಕಾದರೂ ನೋಡಲಿ ಎಂದು. ಆರು ವರ್ಷ ಆಯಿತು. ಒಬ್ಬರೂ ಒಂದು ಮಾತು ಆಡಿಲ್ಲ. ಇವತ್ತು ಅರ್ಧ ಖರ್ಚು ತಾವಾಗಿ ಕೊಡುತ್ತಿದ್ದಾರೆ. ಗೆದ್ದೆ ಅನಿಸಿತು. ಸುಳ್ಳು ಯಾಕೆ, ಕಣ್ಣು ತುಂಬಿ ಬಂತು.

ಫೆಬ್ರುವರಿ 12, ಬುಧವಾರ

ಸ್ಟೇಷನ್ ರಸ್ತೆಯಲ್ಲಿ ಪೈಪ್ ಕೊಂಡೆವು. ಅಂಗಡಿಯವ ಐಎಸ್‌ಐ ಎಂದು ಒಂದು ತೋರಿಸುತ್ತಾನೆ, ಬಿಲ್ ಇಲ್ಲದಿದ್ದರೆ ಇನ್ನೊಂದು ರೇಟು. ರಾಜರತ್ನ ಬಿಲ್ ಬೇಡ ಎಂದರು, ನಾನು ಬೇಕು ಎಂದೆ. ದಾರಿಯುದ್ದಕ್ಕೂ ಜಗಳ. ಸೊಸೈಟಿ ಸಾಲ ಮಂಜೂರಾಗಿದೆ. ಸಂಗು ಕೊಟ್ಟ ದುಡ್ಡು ಇಲ್ಲದಿದ್ದರೆ ಸಾಲ ಇನ್ನೂ ದೊಡ್ಡದಾಗುತ್ತಿತ್ತು.

ಅತ್ತೆಯನ್ನು ಊರಿಗೆ, ಘೋಣಸಗಿಗೆ ಕಳಿಸಿದೆ. ಧೂಳಿಗೆ ಅವರ ಕೆಮ್ಮು ತಡೆಯುವುದಿಲ್ಲ. ಹೋಗುವಾಗಲೂ ಒಂದೇ ಮಾತು. “ವಾಲ್ ಎರಡೂ ಬಾಜೂಕ ಬಾಜೂಕ ಹಾಕಸು. ನನಗ ಬಗ್ಗಿ ಹುಡಕಾಕ ಆಗೂದಿಲ್ಲ.”

ಫೆಬ್ರುವರಿ 18, ಮಂಗಳವಾರ

ರಜೆ ಹಾಕಿದ್ದೆ. ಬೆಳಗ್ಗೆಯಿಂದ ಅಗೆತ. ಅಂಗಳ ಮುಗಿಸಿ ನಡುಗೋಡೆಯ ಬುಡಕ್ಕೆ ಬಂದರು. ಇಸ್ಮಾಯಿಲ ಕೂಲಿಯವನನ್ನು ಚಹಾಕ್ಕೆ ಕಳಿಸಿ, ತಾನೇ ತಗ್ಗಿಗೆ ಇಳಿದು, ಬೇಗ ಬೇಗ ಮಣ್ಣು ಎಳೆಯುತ್ತಿದ್ದ. ಏನೋ ಮುಚ್ಚುತ್ತಿದ್ದಾನೆ ಅನಿಸಿತು. ಬಗ್ಗಿ ನೋಡಿದೆ.

ಹಿಂದಿನ ಮನೆಗೆ ಹೋಗುವ ಪೈಪು ಗೋಡೆಯ ಇತ್ತಲೇ ಕತ್ತರಿಸಿದೆ. ತುದಿಗೆ ಡಮ್ಮಿ ಕೂತಿದೆ, ಬಾಟಲಿಗೆ ಬಿರಡೆ ಕೂತ ಹಾಗೆ. ಆಚೆಗೆ ಸಂಪರ್ಕವೇ ಇಲ್ಲ.

“ಯಾರ ಹಾಕಿದ್ದು?”

ಇಸ್ಮಾಯಿಲ ತಲೆ ಎತ್ತಲಿಲ್ಲ. “ನಾನರಿ. ಆರು ವರ್ಷದ ಹಿಂದ, ನೀವು ಈ ಮನಿಗೆ ಸಾಮಾನ ತರೂಕಿಂತ ಮೊದಲ. ಸಂಗು ಸಾಹುಕಾರ ಹೇಳಿದ್ರು. ಅವರಿಗೆ ಹಿಂದಿನ ಓಣ್ಯಾಗ ಬೋರ್ ಅದರಿ. ಅದನ್ನ ಟಾಕಿಗೆ ಏರಸ್ತಾರ. ನಿಮ್ಮ ಅಂಗಳದಾಗಿಂದ ಬಂದ ನೀರು ಅವರಿಗೆ... ನಡಿಯೂದಿಲ್ಲಂತ್ರಿ.”

ಆರು ವರ್ಷ. ವಾರಕ್ಕೊಮ್ಮೆ ಅತ್ತೆ ಎದ್ದು ವಾಲ್ ತಿರುವಿದ್ದಾರೆ. ನಮ್ಮ ನಳ ಒಣಗಿಸಿ ಕೂತಿದ್ದೇವೆ. ಪೈಪಿನಲ್ಲಿ ನೀರು ಸುಮ್ಮನೆ ನಿಂತಿದೆ, ಡಮ್ಮಿಗೆ ಮುಖ ಕೊಟ್ಟು. ನಮ್ಮ ಪಾಲಿನದು ಓಣಿಯ ಬೇರೆ ಮನೆಗಳಿಗೆ ಹೋಗಿದೆ. ಆಚೆಯಿಂದ “ಬಂದ್ವು ಯವ್ವಾ.” ಏನು ಬಂತು? ಒಂದು ಹನಿ ಬಂದಿಲ್ಲ!

ನಾನು ವಿಜ್ಞಾನ ಶಿಕ್ಷಕಿ. ಒತ್ತಡ, ಹರಿವು, ಎಂಟನೇ ತರಗತಿಗೆ ಚಿತ್ರ ಬಿಡಿಸಿ ಪಾಠ ಮಾಡುತ್ತೇನೆ. ಥೂ.

ಅತ್ತೆಗೆ ಇದು ಗೊತ್ತಾಗಬಾರದು. ಅಕ್ಕ ಎನ್ನಿಸಿಕೊಂಡ ಸಂತೋಷ ಒಂದೇ ಅವರಿಗೆ ಈ ಮನೆಯಲ್ಲಿ ಸಿಕ್ಕಿದ್ದು.

ಫೆಬ್ರುವರಿ 19, ಬುಧವಾರ

ರುದ್ರವ್ವನ ಮನೆಗೆ ಹೋದೆ. ಹೊರಗಿನ ಕಟ್ಟೆಯ ಮೇಲೆ ಚಾಪೆ ಹಾಸಿದರು. ಯಾವಾಗಲೂ ಅಲ್ಲಿಯೇ ಹಾಸುತ್ತಿದ್ದರು. ತಂಗಾಳಿಗೆ ಎಂದುಕೊಂಡಿದ್ದೆ.

“ಡಮ್ಮಿ ನೋಡಿದೆ” ಎಂದೆ.

ಸೆರಗು ಹಿಂಡಿದರು. ಆಮೇಲೆ ಅತ್ತರು. ನಿಜವಾಗಿಯೇ ಅತ್ತರು, ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು.

“ನಾ ಎಂದರ ನಿಮಗ ಒಂದ ಕೆಟ್ಟ ಮಾತ ಅಂದೀನೇನ ತಂಗಿ? ನೀರಿನ ಬಿಲ್ಲಿನಾಗ ನನ್ನ ಅರ್ಧ ಎಂದರ ಬಿಟ್ಟೀನೇನು? ನಿಮ್ಮ ಮನಸ ನೋಯಬಾರದಂತನ ಸುಮ್ಮ ಇದ್ದೆ.”

“ಸುಮ್ಮ ಎಲ್ಲಿದ್ರಿ? ಬಂದ್ವು ಬಂದ್ವು ಅಂತಿದ್ರಲ್ಲ ನೀವು.”

“ನಿಮ್ಮತ್ತಿ ಪರಸವ್ವ ಅಷ್ಟ ಹುರುಪಿಲೆ ಕೂಗತಾಳ. ಏನಂತ ಹೇಳ್ಲಿ? ನನಗ ಒಳಗಿಂದ ಆಗೂದಿಲ್ಲವಾ, ಏನ್ ಮಾಡ್ಲಿ? ಪೂಜಿ ಪುನಸ್ಕಾರ ಇದ್ದ ಮನಿ. ಆಕಿಗೆ ಹೇಳಬ್ಯಾಡ, ನಿನ್ನ ಕಾಲ ಬೀಳ್ತೀನಿ. ಹೊಸಾದಕ್ಕೂ ಹಂಗ ಡಮ್ಮಿ ಹಾಕ್ಸಿಬಿಡು. ಆಕಿ ಕೂಗ್ಲಿ, ನಾ ಓ ಅಂತೀನಿ. ಇಬ್ಬರೂ ಇನ್ನ ಎಷ್ಟ ದಿನಾ ಇರ್ತೀವಿ?”

ಅತ್ತೆ ಮೇಲೆ ಪ್ರೀತಿ ಇದೆ ಈ ಹೆಂಗಸಿಗೆ. ಪ್ರೀತಿ ಇದೆ, ನೀರು ಮಾತ್ರ ಬೇಡ. ಬೈದಿದ್ದರೆ ತಿರುಗಿ ಬೈದು ಬರಬಹುದಿತ್ತು. ಪ್ರೀತಿಗೆ ಏನು ಹೇಳುವುದು?

ಫೆಬ್ರುವರಿ 20, ಗುರುವಾರ

ರಾಜರತ್ನ ಊಟ ಮಾಡುತ್ತಲೇ ಎಲ್ಲ ಕೇಳಿದರು. ಕೈ ತೊಳೆದು ಹೇಳಿದರು. “ಡಮ್ಮಿ ಹಾಕ್ಸು ಸುಮಾ. ಅವರ ದುಡ್ಡು ಹಿಡಕೊಂಡೇವಿ, ಖರ್ಚೂ ಆಗೇದ. ಇನ್ ಮುಂದ ಪೂರಾ ನೀರ ನಮಗ. ಅವ್ವ ಸುಮ್ಮ ಒಂದ ನಿಮಿಷ ತಿರುವಿ ಬಂದ್ ಮಾಡ್ತಾಳ.”

“ನಿಮಗ ಏನೂ ಅನಸೂದಿಲ್ಲೇನ್ರಿ?”

“ಅನಸ್ತದ. ಅನಸೂದಕ್ಕೆಲ್ಲ ಮನಿ ಬಿಟ್ಟು ಹೋಗಾಕ ಬರತದೇನು? ಸಾಲ ಯಾರ ತೀರಸ್ತಾರ?”

ಅವರು ಹೇಳಿದ್ದು ಸರಿ. ಸರಿಯಾದ ಮಾತು ಕೇಳಿ ಮನಸ್ಸಿಗೆ ಇಷ್ಟು ಕೆಟ್ಟದೆನಿಸಿದ್ದು ಇದೇ ಮೊದಲು. ಮಾತು ಬಿಟ್ಟಿದ್ದೇವೆ.

ಫೆಬ್ರುವರಿ 21, ಶುಕ್ರವಾರ

ಹೊಸ ಪೈಪು ಕೂತಿದೆ. ಗೋಡೆಯಾಚೆಗಿನದೂ ಕೂತಿದೆ, ರುದ್ರವ್ವನ ಟಾಕಿಯ ಮೇಲೆ ಬಾಯಿ ತೆರೆದುಕೊಂಡು. ನಡುವೆ ಒಂದು ಗೇಣು ಬಿಟ್ಟು ಇತ್ತ ಡಮ್ಮಿ. ಇಸ್ಮಾಯಿಲ ಅದನ್ನು ಸುಮ್ಮನೆ ಒತ್ತಿಟ್ಟು, ಅಂಟು ಆಮೇಲೆ ಹಚ್ಚುತ್ತೇನೆ ಎಂದು ನಮಾಜಿಗೆ ಹೋದ.

ತಗ್ಗಿಗೆ ಇಳಿದೆ. ಡಮ್ಮಿ ಕಿತ್ತು ತೆಗೆದೆ. ಎಷ್ಟು ಹಗುರ!

ಇಸ್ಮಾಯಿಲ ಬಂದು ನೋಡಿದ. ಒಂದು ತುಂಡು ಪೈಪು ಅವನ ಕೈಗೆ ಕೊಟ್ಟೆ. “ಜೋಡಿಸಿ ಮುಚ್ಚು.”

“ಅಕ್ಕಾರ, ನನಗ ಇಬ್ಬರೂ ಗಿರಾಕಿ...”

“ಲೈನ್ ಇಬ್ಬರದೂ ಅಂತ ಅವರ ಹೇಳ್ಯಾರ. ಅರ್ಧ ದುಡ್ಡೂ ಕೊಟ್ಟಾರ. ಕೊಟ್ಟದ್ದು ಅವರಿಗೆ ಮುಟ್ಟಬ್ಯಾಡೇನು?”

ಜೋಡಿಸಿದ. ಮೂರು ಗಂಟೆಗೆ ಮಣ್ಣು, ಸಂಜೆಗೆ ಸಿಮೆಂಟು. ಅವನು ಹಿಂದಿನ ಮನೆಗೆ ಹೇಳುವುದಿಲ್ಲ. ಹೇಳಿದರೆ ಎರಡೂ ಕಡೆ ಬೈಗುಳ ಅವನಿಗೇ.

ಇದು ಸೇಡು ಅಲ್ಲ. ಅತ್ತೆ “ನೀರ ಬಿಟ್ಟೀನವಾ” ಎಂದು ಕೂಗಿದರೆ ಆ ಮಾತು ನಿಜ ಆಗಬೇಕು, ಅಷ್ಟೆ. ರುದ್ರವ್ವ ಬಾಯಿ ಬಿಡುವುದಿಲ್ಲ. ಆರು ವರ್ಷ ನುಂಗಿಕೊಂಡವರು ಇದನ್ನೂ ನುಂಗಿಕೊಳ್ಳುತ್ತಾರೆ. ಹೋಗಿ ಟಾಕಿ ತೊಳೆಯಲಿ.

ಸೇಡೇ. ಇಲ್ಲಿಯೂ ಸುಳ್ಳು ಯಾಕೆ ಬರೆಯಲಿ?

ಫೆಬ್ರುವರಿ 22, ಶನಿವಾರ

ಏನೂ ಬರೆಯುವ ಮನಸ್ಸಿಲ್ಲ. ಸಿಮೆಂಟಿಗೆ ನೀರು ಹಾಕಬೇಕು. ಕ್ಯಾನ್ ನೀರು ಕೊಂಡು ಹಾಕಿದೆ.

ಫೆಬ್ರುವರಿ 25, ಮಂಗಳವಾರ. ಬೆಳಗ್ಗೆ 9

ಶಾಲೆಗೆ ಹೋಗಲಿಲ್ಲ.

ಅತ್ತೆ ನಿನ್ನೆ ಸಂಜೆ ಬಂದಿದ್ದರು. ಬೆಳಗ್ಗೆ, ಒಂದು ದಿನ ತಡವಾಗಿ, ನೀರು ಬಂತು, ಕಣ್ಣೀರಿನಷ್ಟು ತಿಳಿ. ಧಾರೆಯ ರಭಸಕ್ಕೆ ಕೊಡ ಜರುಗುತ್ತಿತ್ತು. ಅತ್ತೆ ಮಕ್ಕಳ ಹಾಗೆ ಕೈ ಒಡ್ಡಿ ನಕ್ಕರು. ಟಾಕಿ ಅರ್ಧಕ್ಕೆ ಬರುತ್ತಿದ್ದಂತೆ ಎದ್ದರು. ಆಗ ಬೇಡ ಎನ್ನಬಹುದಿತ್ತು. ಎದ್ದು ಹೋಗಿ ಕೈ ಹಿಡಿಯಬಹುದಿತ್ತು. ಕೂತು ನೋಡಿದೆ.

“ರುದ್ರವ್ವಾ, ನೀರ ಬಿಟ್ಟೀನವಾ!”

“ಬಂದ್ವು ಯವ್ವಾ, ಬಂದ್—”

ಆಚೆ ಧೋ ಎಂದು ನೀರು ಬಿತ್ತು. ಕೊಡ ಉರುಳಿತು. ಸಂಗೂ, ಸಂಗೂ ಎಂದು ಕೂಗು. ಮಗನ ಹೆಸರು ಬಿಟ್ಟು ಆಮೇಲೆ ಇತ್ತ ಕಡೆಗೆ, ಇಡೀ ಓಣಿಗೆ ಕೇಳುವ ಹಾಗೆ. “ಬಂದ್ ಮಾಡ ಬೇ ಪರಸವ್ವಾ! ಪೂಜಿ ನೀರು... ಟಾಕಿ ತುಂಬ ಮೈಲಿಗಿ ಆತು, ಬಂದ್ ಮಾಡು!”

ಅತ್ತೆ ವಾಲ್ ಬಂದ್ ಮಾಡಿದರು. ಗಾಬರಿ ಇಲ್ಲ, ಅವಸರ ಇಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ನನ್ನ ಹತ್ತಿರ ಬಂದು ಕೂತರು.

“ಏನಂದ್ಲು ಆಕಿ?”

“ಏನಿಲ್ಲ ಅತ್ತಿ.”

“ನನಗ ಕೇಳಿಸ್ತು. ನಿನಗೂ ಕೇಳಿಸ್ತೇನಂತ ಕೇಳಾಕತ್ತೇನಿ.”

ಎಲ್ಲ ಹೇಳಿದೆ. ಡಮ್ಮಿ, ಬೋರ್, ಕಟ್ಟೆ, ಕಣ್ಣೀರು. ನಾನು ತಗ್ಗಿಗೆ ಇಳಿದದ್ದು. ಮುಗಿದ ಮೇಲೆ ಅತ್ತೆ ತಮ್ಮ ಬಲಗೈ ತಿರುಗಿಸಿ ನೋಡಿಕೊಂಡರು.

“ತೆಗಿಯೂದು ನೀ ತೆಗದಿ, ಛಲೋ ಮಾಡ್ದಿ. ನೀರೂ ನೀನ ಬಿಡಬೇಕಿತ್ತಲ್ಲ. ನನ್ನ ಕೈಲೆ ಯಾಕ ಬಿಡಿಸಿದಿ?”

ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ಚಹಾ ಇಟ್ಟೆ, ಹಾಗೇ ಆರಿದೆ. ಉತ್ತರ ಕೊಡಬೇಕು. ಅವರು ಏಳುವುದರೊಳಗೆ ಕೊಡಬೇಕು. ಅವರ ಕೈಯಿಂದಲೇ ಯಾಕೆ ಎಂದರೆ, ನಾನು—